ಗುಮಾಸ್ತ, ಎಂಜಿನಿಯರ್ ಮತ್ತು ಕಾಕಾ

ಹೋದ ವಾರ ಕಪಾಟು ಒರೆಸುವಾಗ ಹಳೆಯ ಕಾದಂಬರಿಯೊಂದರಿಂದ ಬೆರಳಗಲದ ಕಾಗದದ ಪಟ್ಟಿ ಜಾರಿ ಬಿತ್ತು. ಪೇಪರ್ ಮಿಲ್ಲಿನಲ್ಲಿ ಅಂಚು ಕತ್ತರಿಸಿದಾಗ ಉಳಿಯುವಂಥದ್ದು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ‘ಇವನೂ ಹೇಳಲಿಲ್ಲ’ ಎಂದಿತ್ತು. ಕಾಕಾನ ಅಕ್ಷರ...

ದಾಂಡೇಲಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮಿಲ್ಲಿನಲ್ಲಿ ಕೆಲಸ, ಓದಿದ್ದು ಏಳನೆಯ ಇಯತ್ತೆ. ಒಬ್ಬನೇ ಕಾದಂಬರಿಕಾರನನ್ನು ಹಿಡಿದು ಕೂತಿದ್ದರು. ಬೇರೆಯವರನ್ನೂ ಓದಿ ಎಂದರೆ, “ಮದಲ ಇವನ್ನ ಮುಗಸೂಣು ತಡಿ” ಎನ್ನುತ್ತಿದ್ದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು.

ನಾನಾಗ ಕನ್ನಡ ಎಂ.ಎ. ವಿದ್ಯಾರ್ಥಿ, ಅದರ ಗತ್ತು ಬೇರೆ. ರಜೆಯ ಒಂದು ಭಾನುವಾರ ಮೌಳಂಗಿಯ ಹೊಳೆದಂಡೆಯಲ್ಲಿ ಕೂತು, ಆ ಲೇಖಕನ ನಾಯಕರೆಲ್ಲ ಒಂದೇ ಅಚ್ಚಿನವರು, ಒಂಟಿಗರು, ಬರೀ ಯೋಚಿಸುವವರು ಎಂದು ಭಾಷಣ ಬಿಗಿದೆ. ಕಾಕಾ ಚುರಮುರಿ ತಿನ್ನುತ್ತ ಕೇಳಿಸಿಕೊಂಡರು.

“ಒಂದ ಅಲ್ಲೋ ತಮ್ಮಾ. ಮೊದಲನೇ ಪುಸ್ತಕದಾಗಿನ ಗುಮಾಸ್ತಗ ಮನಸಿನ ಮಾತು ಹೇಳಾಕ ಯಾರೂ ಇಲ್ಲ, ಅದಕ್ಕ ಒಬ್ಬನ ವಿಚಾರ ಮಾಡ್ತಾನ. ಎರಡನೇದರಾಗಿನ ಎಂಜಿನಿಯರಗ ಹೆಂಡ್ತಿ ಅದಾಳ, ಅಣ್ಣ ಅದಾನ, ಏನಾತು ಅಂತ ಕೇಳ್ತಾರ. ಇವ ಬಾಯಿ ಬಿಡಂಗಿಲ್ಲ. ಅವರು ಏನಂತಾರ ಅನ್ನೂದನ್ನೂ ತಾನ ವಿಚಾರ ಮಾಡಿ ಮುಗಸ್ತಾನ. ಅವಂದು ದುಃಖ, ಇವಂದು ಸೊಕ್ಕು.”

ಅಂದೇ ಸಂಜೆ ಅವರಿಂದ ಆ ಎಂಜಿನಿಯರನ ಪುಸ್ತಕ ಇಸಿದುಕೊಂಡೆ; ಹೋದ ವಾರ ಪಟ್ಟಿ ಜಾರಿದ್ದು ಅದರಿಂದಲೇ.

ಮುಂದೆ ಮುಂಡಗೋಡಿನಲ್ಲಿ ಉಪನ್ಯಾಸಕನಾದೆ. ಒಂದು ವಿಚಾರ ಸಂಕಿರಣದಲ್ಲಿ ಕಾಕಾ ಹೇಳಿದ್ದನ್ನೇ ಹಿಗ್ಗಿಸಿ ಇಪ್ಪತ್ತು ಪುಟ ಓದಿದೆ. ಚಪ್ಪಾಳೆ ಬಿತ್ತು, ಪತ್ರಿಕೆಯೊಂದರಲ್ಲಿ ಅಚ್ಚೂ ಆಯಿತು. ಅವರ ಹೆಸರನ್ನು ಎಲ್ಲಿಯೂ ಹಾಕಲಿಲ್ಲ. ಮಿಲ್ಲಿನ ಕೆಲಸಗಾರನ ಮಾತು ಎಂದರೆ ವಿದ್ವಾಂಸರು ನಕ್ಕಾರು ಎಂಬ ಅಳುಕು. ಅದು ಕಳ್ಳತನವೇ, ಬೇರೆ ಹೆಸರಿಲ್ಲ.

ಅಷ್ಟರಲ್ಲಿ ಕಾಕಾ ನಿವೃತ್ತರಾಗಿ ಹಳಿಯಾಳದ ಹತ್ತಿರದ ತಮ್ಮೂರಿಗೆ ಹೋಗಿದ್ದರು. ಹೋಗಿ ತಪ್ಪೊಪ್ಪಿಕೊಳ್ಳಬೇಕು ಅಂದುಕೊಂಡೆ. ಬೈದರೆ ಏನು ಹೇಳುವುದು? ನಕ್ಕುಬಿಟ್ಟರೆ? ಇದರಲ್ಲೇ ವರ್ಷಗಳು ಹೋದವು. ಎರಡು ಸಲ ಹಳಿಯಾಳದ ಬಸ್ ನಿಲ್ದಾಣದವರೆಗೂ ಹೋಗಿ, ಚಹಾ ಕುಡಿದು ಮರಳಿ ಬಂದೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಮಣ್ಣಿಗೂ ಹೋಗಲಿಲ್ಲ...

ಆ ಪಟ್ಟಿ ಸಿಕ್ಕ ಮರುದಿನ, ಈಗ ಯಾರಿಗೆ ಹೇಳುವುದೆಂದು ಯೋಚಿಸುವ ಮೊದಲೇ ಕಾಕಾನ ಊರಿನ ಬಸ್ ಹತ್ತಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಚಹಾ ಕೊಟ್ಟು ಎದುರಿಗೆ ಕೂತರು. ಎಲ್ಲವನ್ನೂ ಹೇಳಿಬಿಟ್ಟೆ.

“ಅವರಿಗೆ ಗೊತ್ತಿತ್ತಪಾ,” ಎಂದರು. “ಯಾರನ್ನೋ ಕಾಡಿ ಆ ಪತ್ರಿಕಾ ತರಿಸಿದ್ರು. ನಮ್ಮ ಹುಡುಗ ನನ್ನ ಮಾತನ್ನ ಎಷ್ಟ್ ಚಂದ ಬೆಳಿಸ್ಯಾನ ನೋಡು ಅಂತ ನನಗೂ ಓದಿ ಹೇಳಿದ್ರು. ಅದರ ಬಗ್ಗೆ ಮಾತಾಡಾಕ ನೀ ಬರ್ತಿ ಅಂತ ಭಾಳ ದಿನ ದಾರಿ ನೋಡಿದ್ರು.”

ಬೈದರೆ ಏನು ಹೇಳಬೇಕು, ನಕ್ಕರೆ ಏನು ಹೇಳಬೇಕು ಎಂದು ಇಷ್ಟು ವರ್ಷ ಯೋಚಿಸಿದ್ದೆ. ಅವರು ಖುಷಿಪಟ್ಟಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.