ನಮ್ಮವರು ಕರಡಿಯಾದದ್ದು

ಹೋದ ಶನಿವಾರ ಹ್ಯಾನೋವರಿನ ನಮ್ಮ ಬೀದಿ ಮೂಲೆಯ ಅಂಗಡಿಯಲ್ಲಿ ಹಾಲು, ಮೊಸರು ತೆಗೆದುಕೊಳ್ಳುತ್ತಿದ್ದೆ. ಇಲ್ಲಿಯ ಅಗ್ಗದ ಅಂಗಡಿಗಳ ರೀತಿಯೇ ಬೇರೆ. ಮೊಸರಿನ ಪಕ್ಕದಲ್ಲಿ ಒಂದು ದೊಡ್ಡ ತಂತಿ ಬುಟ್ಟಿ ಇರುತ್ತದೆ. ಈ ವಾರ ಅದರಲ್ಲಿ ಗರಗಸ ಇದ್ದರೆ ಮುಂದಿನ ವಾರ ಮಕ್ಕಳ ಪೈಜಾಮ. ಈ ಸಲ ರಬ್ಬರ್ ಬೂಟುಗಳಿದ್ದವು. ಬಗ್ಗಿ ಒಂದನ್ನೆತ್ತಿ ಮೂಗಿಗೆ ಹಿಡಿದೆ. ಹೊಸ ರಬ್ಬರಿನ ಆ ಘಾಟು ತಲೆಗೇರಿದ್ದೇ ತಡ, ಒಬ್ಬಳೇ ಕಿಸಕ್ಕೆಂದು ನಕ್ಕುಬಿಟ್ಟೆ. ಜೊತೆಗಿದ್ದ ಮಗಳು "ಮಮಾ, ಬಿಟ್ಟೆ!" ಎಂದಳು. ಬಿಟ್ಟೆ ಎಂದರೆ ಜರ್ಮನ್ನಿನಲ್ಲಿ ದಯವಿಟ್ಟು ಎಂದು ಅರ್ಥ. ಆದರೆ ಅವಳು ಅಂದ ಧಾಟಿಯಲ್ಲಿ 'ನಿನ್ನನ್ನು ಇಲ್ಲೇ ಬಿಟ್ಟೆ' ಎಂಬ ಕನ್ನಡದ ಅರ್ಥವೇ ಜಾಸ್ತಿ ಇತ್ತು.

ಬೂಟು ಮೂಸಿ ನಗುವ ಹೆಂಗಸಿಗೆ ಏನೋ ಕಾರಣವಿರಬೇಕಲ್ಲ. ಹೇಳುತ್ತೇನೆ, ಕೇಳಿ.

ನಾನು ಮದುವೆಯಾಗಿ ಈ ಊರಿಗೆ ಬಂದದ್ದು ಗ್ರೀನ್ ಕಾರ್ಡಿನ ಕಾಲದಲ್ಲಿ. ಅಮೆರಿಕದ್ದಲ್ಲ, ಜರ್ಮನಿಯದು. ಆಗ ಇಲ್ಲಿಯ ಸರಕಾರದವರೂ ಕಂಪ್ಯೂಟರ್ ಎಂಜಿನಿಯರುಗಳನ್ನು ಕರೆಸಿಕೊಳ್ಳಲು ಅಂಥದೊಂದನ್ನು ಕೊಡುತ್ತಿದ್ದರು. ನಮ್ಮವರು ಅದರಲ್ಲಿ ಬಂದವರು. ಬಾಗಲಕೋಟೆಯವರು, ಹೆಚ್ಚು ಮಾತಿಲ್ಲ, ಆದರೆ ಆಡಿದ ಮಾತಿನಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಧಾರವಾಡಕ್ಕೆ ನನ್ನನ್ನು ನೋಡಲು ಬಂದಾಗ ನಮ್ಮಪ್ಪ, "ಅಲ್ಲಿ ಭಾಷಾ ಹೆಂಗ ಮಾಡ್ತೀರಿ?" ಎಂದು ಕೇಳಿದ್ದಕ್ಕೆ "ಬರ್ತದರಿ, ನೀರು ಕುಡದಂಗ" ಎಂದಿದ್ದರು. ನಮ್ಮಪ್ಪ ಆ ಮಾತನ್ನು ಓಣಿ ತುಂಬ ಹಂಚಿದರು.

ಹೀಗಾಗಿ ಜರ್ಮನಿ ನನಗೆ ತಲುಪುತ್ತಿದ್ದದ್ದು ನಮ್ಮವರ ಬಾಯಿಂದಲೇ. ಕೆಳಗಿನ ಮನೆಯ ಮುದುಕಿ ಪ್ರತಿ ಶನಿವಾರ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿ ಐದು ನಿಮಿಷ ಮಾತಾಡುತ್ತಿದ್ದಳು. ನಮ್ಮವರು "ಗೆನಾವ್, ಗೆನಾವ್" ಎಂದು ತಲೆಯಾಡಿಸುತ್ತಿದ್ದರು. ಅದು ಇಲ್ಲಿಯವರ 'ಹೌದ್ಹೌದು, ಬರೋಬ್ಬರಿ'. ಆಮೇಲೆ ನನಗೆ, "ನಿನ್ನ ಸೀರಿ ಭಾಳ ಛೊಲೋ ಅದ ಅಂತ" ಎನ್ನುತ್ತಿದ್ದರು. ಆರು ತಿಂಗಳು ಆಕೆ ನನ್ನ ಸೀರೆ ಹೊಗಳಿದಳು, ನಾನು ನಾಚಿಕೊಂಡು ಕೈ ಮುಗಿದೆ. ನಾನೇ ಜರ್ಮನ್ ಕ್ಲಾಸಿಗೆ ಹೋಗತೊಡಗಿದ ಮೇಲೆ ಗೊತ್ತಾಯಿತು, ಆಕೆ ಹೇಳುತ್ತಿದ್ದದ್ದು ಮೆಟ್ಟಿಲು ಒರೆಸುವ ಸರದಿ ನಮ್ಮದು ಎಂದು. ಆಗಲೂ ಗಂಡನ ಮೇಲೆ ನನಗೆ ಸಂಶಯ ಬರಲಿಲ್ಲ. ಮುದುಕಿಯೇ ಮಾತು ಬದಲಿಸಿದ್ದಾಳೆ ಎಂದುಕೊಂಡೆ. ಹೊಸ ಮದುವೆ ಎಂದರೆ ಹಾಗೆ.

ಆ ಬೇಸಿಗೆಗೆ ಪ್ರವಾಸ ಹೋಗೋಣ ಎಂದು ಅವರೇ ಒಂದು ಪುಸ್ತಿಕೆ ತಂದರು. ಮುಖಪುಟದ ಮೇಲೆ ನೀಲಿ ನೀರು, ಎರಡೂ ಕಡೆ ಹಿಮದ ಬೆಟ್ಟ, ನಡುವೆ ಬಿಳಿ ಹಡಗು. ನಾರ್ವೆಗಿಂತಲೂ ಮೇಲೆ, ಭೂಪಟದ ನೆತ್ತಿಯಲ್ಲಿರುವ ಸ್ಪಿಟ್ಸ್‌ಬರ್ಗನ್ ಎಂಬ ದ್ವೀಪ. ಬೆಟ್ಟದ ಸಂದಿಗೆ ಸಮುದ್ರ ನುಗ್ಗಿ ಕೊಲ್ಲಿಯಾದರೆ ಅದಕ್ಕೆ ಫ್ಯೋರ್ಡ್ ಎನ್ನುತ್ತಾರಂತೆ. ಅವನ್ನು ನೋಡುತ್ತ ಎಂಟು ದಿನ. ಒಳಗಿನ ಪುಟದಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು.

"ರೀ, ಈ ಝೆಲ್ಟ್ ಅಂದ್ರೇನು?"

"ಅದಾ? ಕ್ಯಾಬಿನ್‌ದಾಗ ಒಂದು ಟೈಪು. ನಮ್ಮ ರೈಲಿನಾಗ ಏಸಿ, ನಾನ್ ಏಸಿ ಇರಂಗಿಲ್ಲೇನು, ಹಂಗ."

ಹಡಗಿನಲ್ಲಿ ಕ್ಯಾಪ್ಟನ್ ಜೊತೆ ಊಟ ಇರುತ್ತದೆ ಎಂದೂ ಅವರೇ ಹೇಳಿದ್ದು. ನಾನು ಚಕ್ರದ ಸೂಟ್‌ಕೇಸಿನಲ್ಲಿ ಎರಡು ಇಳಕಲ್ ಸೀರೆ, ಹೈಹೀಲ್ಡ್ ಚಪ್ಪಲಿ, ಶೇಂಗಾ ಚಟ್ನಿಪುಡಿ, ಕಟಕು ರೊಟ್ಟಿ ತುಂಬಿದೆ. ಅವರು ತಮ್ಮ ಧೋತರ ಇಟ್ಟುಕೊಂಡರು. ಸೋಮವಾರ ತಣ್ಣೀರು ಸ್ನಾನ ಮಾಡಿ, ಒದ್ದೆ ಧೋತರ ಹಿಂಡಿ ಒಣಹಾಕಿ, ಪೂಜೆ ಮಾಡಿಯೇ ನಾಷ್ಟಾ ಮಾಡುವುದು ಅವರ ರೂಢಿ.

ಆ ದ್ವೀಪದ ಬಂದರಿನಲ್ಲಿ ನಮ್ಮ ಗೈಡು ಕಾದಿದ್ದಳು. ಆರಡಿ ಎತ್ತರದ ಜರ್ಮನ್ ಹೆಂಗಸು, ಹೆಗಲಿಗೆ ಬಂದೂಕು. ಹೆಸರು ಊಟೆ. "ಹೆಸರಿನಾಗss ಊಟಾ ಅದ, ಇನ್ನೇನು ಚಿಂತಿ?" ಎಂದರು ನಮ್ಮವರು. ಊಟೆ ನನ್ನ ಸೂಟ್‌ಕೇಸು ನೋಡಿದಳು, ಚಪ್ಪಲಿ ನೋಡಿದಳು, ನಮ್ಮವರನ್ನು ಏನೋ ಉದ್ದಕ್ಕೆ ಕೇಳಿದಳು. "ಗೆನಾವ್!" ಎಂದರು ಇವರು. ಆಕೆ ಒಂದು ನಿಟ್ಟುಸಿರು ಬಿಟ್ಟು ಪೆಟ್ಟಿಗೆಯಿಂದ ಎರಡು ಜೊತೆ ಹೊಸ ರಬ್ಬರ್ ಬೂಟು, ಎರಡು ದಪ್ಪ ಜಾಕೆಟ್ಟು ತೆಗೆದು ಕೊಟ್ಟಳು. ಬೂಟಿನ ಅಳತೆ ನಲವತ್ಮೂರು. ನನ್ನ ಎರಡೂ ಪಾದ ಒಂದೇ ಬೂಟಿನಲ್ಲಿ ಹಿಡಿಸುತ್ತಿದ್ದವು.

ಹಡಗು ಎಂದುಕೊಂಡದ್ದು ಒಂದು ಮೋಟಾರು ದೋಣಿ. ಮೂರು ತಾಸು ಹೋಗಿ ನಮ್ಮನ್ನೂ ಇತರ ಆರು ಜನ ಜರ್ಮನರನ್ನೂ ಕಲ್ಲುಗುಂಡಿನ ದಂಡೆಯೊಂದರಲ್ಲಿ ಇಳಿಸಿತು. ಸಾಮಾನು ಇಳಿಸಿತು. ಆಮೇಲೆ ತಿರುಗಿ ಹೊರಟೇಹೋಯಿತು. ನಾನು ಅದು ಸಣ್ಣ ಚುಕ್ಕಿಯಾಗುವ ತನಕ ನೋಡಿದೆ. ಎದುರಿಗೆ ಕೊಲ್ಲಿಯ ತುದಿಯಲ್ಲಿ ಹಿಮನದಿ ನೀರಿಗೆ ಬಂದು ನಿಂತಿತ್ತು, ಕತ್ತರಿಸಿದ ಬರ್ಫಿಯ ಹಾಗೆ. ಮರವಿಲ್ಲ, ಮನೆಯಿಲ್ಲ, ಹೊಗೆಯಿಲ್ಲ. ಊಟೆ ಒಂದು ಹಸಿರು ಗಂಟನ್ನು ನಮ್ಮ ಕಾಲ ಬಳಿ ಒಗೆದಳು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಝೆಲ್ಟ್.

ಝೆಲ್ಟ್ ಎಂದರೆ ಡೇರೆ.

"ರೀ," ಎಂದೆ, "ಇದು ಏಸಿನೋ ನಾನ್ ಏಸಿನೋ?"

ನಮ್ಮವರು ಸಮುದ್ರ ನೋಡುತ್ತ, "ಸುಮ್ನಿರು, ಮಂದಿ ನೋಡ್ತಾರ" ಎಂದರು.

ಡೇರೆ ಹೊಡೆಯುವಾಗ ಹೆರ್ ಲೋರೆಂಟ್ಸ್ ಎಂಬ ನಿವೃತ್ತ ಹೆಡ್‌ಮಾಸ್ತರರು ನೆರವಿಗೆ ಬಂದರು. ಡೇರೆಯ ಗೂಟಕ್ಕೆ ಜರ್ಮನ್ನಿನಲ್ಲಿ ಹೇರಿಂಗ್ ಎನ್ನುತ್ತಾರೆ. ಅದೇ ಹೆಸರಿನ ಮೀನೂ ಉಂಟು. ಅವರು "ಹೇರಿಂಗ್ ಕೊಡಿ" ಎಂದಾಗಲೆಲ್ಲ ನಮ್ಮವರು ಎದೆ ಮುಟ್ಟಿಕೊಂಡು "ವೆಜಿಟೇರಿಯನ್, ವೆಜಿಟೇರಿಯನ್" ಎನ್ನುತ್ತಿದ್ದರು. ಮಾಸ್ತರರು ಮೂರು ಸಲ ಕೇಳಿ, ಕೊನೆಗೆ ತಾವೇ ಎದ್ದು ಗೂಟ ತೆಗೆದುಕೊಂಡರು.

ಆಮೇಲೆ ಊಟೆ ಎಲ್ಲರನ್ನೂ ಸುತ್ತ ಕೂರಿಸಿ ಅರ್ಧ ತಾಸು ಪಾಠ ಮಾಡಿದಳು. ಡೇರೆಗಳ ಸುತ್ತ ಮೊಣಕಾಲೆತ್ತರಕ್ಕೆ ಎಳೆದಿದ್ದ ತೆಳ್ಳಗಿನ ತಂತಿಯನ್ನು ತೋರಿಸಿ, ಬೆರಳೆತ್ತಿ, ಮೂರು ಸಲ ಒಂದೇ ಮಾತು ಹೇಳಿದಳು. ಅಷ್ಟು ಬಿರುಸಿನ ಜರ್ಮನ್ ನಮ್ಮ ಕ್ಲಾಸಿನಲ್ಲಿ ಇನ್ನೂ ಬಂದಿರಲಿಲ್ಲ.

"ಏನಂತರಿ?"

"ಅರಿವಿ ಒಣಹಾಕಲಿಕ್ಕೆ ತಂತಿ ಕಟ್ಯಾಳಂತ."

"ಇಷ್ಟು ಕೆಳಗ?"

"ಗಾಳಿ ಜಾಸ್ತಿ ಅಲ್ಲೇನು ಇಲ್ಲೆ."

ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಮುಂಜಾನೆ ಆಯಿತೆಂದು ಗಡಿಯಾರ ಹೇಳಿದರೆ ನಂಬಬೇಕು. ಮೂರನೆಯ ದಿನ ಸೋಮವಾರ. ಆರು ಗಂಟೆಗೆ ನಮ್ಮವರು ಹಿಮ ಕರಗಿ ಹರಿಯುವ ತೊರೆಗೆ ಸ್ನಾನಕ್ಕೆ ಹೋದರು. ಶಿವ ಶಿವಾ ಎಂಬ ಅವರ ಕೂಗು ನನಗೆ ಡೇರೆಯೊಳಗೇ ಕೇಳಿಸಿತು. ಅಷ್ಟು ಮನಸ್ಸಿಟ್ಟು ಅವರು ದೇವರನ್ನು ಕರೆದದ್ದನ್ನು ಮೊದಲು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಢಮ್ ಎಂದು ಕಿವಿ ಗವ್ವೆನ್ನುವ ಸದ್ದಾಯಿತು.

ಹೊರಗೆ ಬಂದು ನೋಡಿದರೆ, ತಂತಿಯ ತುದಿಯಲ್ಲಿ ಕೆಂಪು ಬೆಂಕಿ ಉರಿಯುತ್ತಿದೆ, ಗಂಧಕದ ಹೊಗೆ. ಜರ್ಮನರೆಲ್ಲ ಒಳಉಡುಪಿನಲ್ಲೇ ಹೊರಗೆ ಬಂದಿದ್ದಾರೆ. ಕೊಲ್ಲಿಯ ಮೇಲಿಂದ ಮಂಜು ಕವಿದಿತ್ತು. ಆ ಮಂಜಿನೊಳಗೆ ದಂಡೆಯ ಮೇಲೆ ಬೆಳ್ಳಗಿನದೇನೋ ಉಬ್ಬುತ್ತ, ತಗ್ಗುತ್ತ, ಓಡುತ್ತಿತ್ತು.

"ಬೇರ್!" ಎಂದು ಕೂಗಿದರು ಮಾಸ್ತರರು. ಕರಡಿ!

ಊಟೆ ಆಗಲೇ ಒಂದು ಮೊಣಕಾಲೂರಿ ಬಂದೂಕು ಎತ್ತಿ ಗುರಿ ಹಿಡಿದಿದ್ದಳು. ನನಗೆ ಮೊದಲು ಹೊಳೆದದ್ದು ನಮ್ಮವರು ಎಲ್ಲಿ ಎಂದು. ಅಷ್ಟರಲ್ಲಿ ಹೊಗೆಯೊಳಗಿಂದ ಅವರು ಓಡಿಬಂದರು. ಮೈಮೇಲೆ ಚಡ್ಡಿ ಒಂದೇ, ತಲೆಗೆ ಟಾವೆಲ್ಲು, ಎರಡೂ ಕೈ ಮೇಲೆ. ಬಂದೂಕಿಗೂ ಆ ಬಿಳಿಯ ಪ್ರಾಣಿಗೂ ನಡುವೆ ಹೋಗಿ ನಿಂತರು. ಧೋತರಕ್ಕೆ ಜರ್ಮನ್ನಿನಲ್ಲಿ ಏನನ್ನುತ್ತಾರೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನು ಒಟ್ಟುಗೂಡಿಸಿ ಬಾಯಿಬಿಟ್ಟು ಕೂಗಿದರು:

"ನೈನ್! ನೈನ್! ಇಶ್ ಬಿನ್ ಡೇರ್ ಬೇರ್!"

ಬೇಡ, ಬೇಡ, ನಾನೇ ಕರಡಿ.

ಊಟೆ ಬಂದೂಕು ಇಳಿಸಿದಳು. ಗಾಳಿ ನಿಂತು, ತಂತಿಯಿಂದ ಹಾರಿಹೋಗಿದ್ದ ಧೋತರ ಕಲ್ಲಿನ ಮೇಲೆ ಮಲಗಿತು. ಆಕೆಯ ಮುಖ ಬೆಳ್ಳಗಾಗಿತ್ತು. ಹತ್ತಿರ ಬಂದು ಮೆಲ್ಲಗೆ, ಬಿಡಿಸಿ ಬಿಡಿಸಿ ಕೇಳಿದಳು. ಈ ಸಲ ನನಗೂ ಅರ್ಥವಾಯಿತು: ಕರಡಿ ಬಂದರೆ ಪಟಾಕಿ ಹಾರುವ ತಂತಿ, ಮುಟ್ಟಬೇಡಿ ಎಂದು ಮೂರು ಸಲ ಹೇಳಿದೆನಲ್ಲ, ನಿಮಗೆ ಜರ್ಮನ್ ತಿಳಿಯುತ್ತದೆಯೇ?

'ಗೆನಾವ್' ಎಂದುಬಿಡುತ್ತಾರೆ ಎಂದುಕೊಂಡೆ. ಆದರೆ ಅವರು ಊಟೆಯ ಬದಲು ನನ್ನನ್ನು ನೋಡಿದರು. ತುಟಿ ನೀಲಿಯಾಗಿತ್ತು. ಕ್ಲಾಸಿನ ಎರಡನೆಯ ಪಾಠ ನನ್ನ ಬಾಯಿಂದ ತಾನಾಗಿ ಹೊರಟಿತು: "ನನ್ನ ಗಂಡನಿಗೆ ಜರ್ಮನ್ ಬರುವುದಿಲ್ಲ. ನನಗೆ ಸ್ವಲ್ಪ ಬರುತ್ತದೆ." ವ್ಯಾಕರಣ ತಪ್ಪಿಲ್ಲದೆ ನಾನು ಆಡಿದ ಮೊದಲ ಜರ್ಮನ್ ವಾಕ್ಯ ಅದು. ಆಡಿದ ಕೂಡಲೇ ನುಂಗಿಕೊಳ್ಳಬೇಕೆನಿಸಿತು.

ಆ ದಿನ ಹಿಮನದಿಯ ಪಕ್ಕದ ಬೆಟ್ಟ ಹತ್ತುವುದಿತ್ತು. ನಮ್ಮವರು ಜರ್ಮನರೆಲ್ಲರಿಗಿಂತ ಹಿಂದೆ ನಡೆದರು. ಅವರ ಹಿಂದೆ ನಾನು, ನಲವತ್ಮೂರರ ಬೂಟಿನಲ್ಲಿ, ಪ್ರತಿ ಹೆಜ್ಜೆಗೂ ಚಳ್ ಪಳ್ ಸದ್ದು ಮಾಡುತ್ತ. ದೂರದಲ್ಲಿ ಹಿಮದ ಬಂಡೆ ಒಡೆದು ನೀರಿಗೆ ಬಿದ್ದಾಗ ಇಬ್ಬರೂ ಬೆಚ್ಚಿ ನಿಂತೆವು.

"ನಿಮ್ಮಪ್ಪಗ ಸುಳ್ಳು ಹೇಳಿದ್ದೆ," ಎಂದರು ನೆಲ ನೋಡುತ್ತ. "ಆಫೀಸಿನಾಗ ಎಲ್ಲಾರೂ ಇಂಗ್ಲಿಷ್ ಮಾತಾಡ್ತಾರ. ನನಗ ಬರೂದು ನಾಕು ಶಬ್ದ. ಮುಂದ ನೀ ಬಂದಿ. ಹೆಂಗ ಹೇಳ್ಲಿ?"

ನನಗೆ ಅಳುವೂ ಬಂತು, ಬೂಟಿನ ಸದ್ದಿಗೆ ನಗುವೂ ಬಂತು. "ಅವತ್ತು ನನ್ನ ನೋಡಲಿಕ್ಕೆ ಬಂದಾಗ ನೀವು ನಾಕು ಹೋಳಿಗಿ ತಿಂದ್ರಲ್ಲ," ಎಂದೆ, "ನಾನss ಮಾಡಿದ್ದು ಅಂತ ಅವ್ವ ಹೇಳಿದ್ಲಲ್ಲ, ಅವು ಬಾಜೂಮನಿ ಮಾವಶಿ ಮಾಡಿದ್ವು."

"ಅದು ನನಗ ಮದುವಿ ಆದ ಮೊದಲನೇ ವಾರದಾಗss ಗೊತ್ತಾತು," ಎಂದರು ಅವರು.

ಬೆಟ್ಟದ ನೆತ್ತಿಯಿಂದ ನಾಲ್ಕು ಕೊಲ್ಲಿಗಳು ಕಂಡವು. ನಾವು ನಗುತ್ತ ಮೇಲೆ ಬಂದದ್ದು ನೋಡಿ ಊಟೆಗೂ ಜೀವ ಬಂದಂತಾಯಿತು. ಅಂದಿನಿಂದ ಅವರು ಎಲ್ಲರಿಗೂ 'ಹೆರ್ ಬೇರ್', ಕರಡಿರಾಯರು. ಮಾಸ್ತರರು ಮೂವತ್ತೈದು ವರ್ಷ ಪಾಠ ಹೇಳಿದವರು. ಕಟಕು ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು ಕಡಿಯುತ್ತ ಇವರಿಗೆ ಕಲ್ಲು, ಹಗ್ಗ, ಗೂಟ, ಮೋಡ ಎಂದು ಒಂದೊಂದೇ ಪದ ಕಲಿಸಿದರು. ಎರಡು ವರ್ಷದಲ್ಲಿ ಬಾರದ ಜರ್ಮನ್ ಐದು ದಿನದಲ್ಲಿ ಬಂತು. ದೋಣಿ ತಿರುಗಿ ಬಂದ ದಿನ ನಾನು ಹಟ ಹಿಡಿದು ಇಳಕಲ್ ಸೀರೆ ಉಟ್ಟೆ, ಜಾಕೆಟ್ಟಿನ ಕೆಳಗೆ, ಬೂಟಿನ ಮೇಲೆ. ಊಟೆ ನನ್ನ ಸೆರಗು ಮುಟ್ಟಿ ನೋಡಿ ಏನೋ ಅಂದಳು. ನಮ್ಮವರು ಕಿವಿಗೊಟ್ಟು ಕೇಳಿ, ತಡೆದು ತಡೆದು ಹೇಳಿದರು: "ಸೀರಿ... ಛೊಲೋ ಅದ ಅಂತ. ಈ ಸಲ ಖರೇನss."

ಈ ಕಥೆಯನ್ನು ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಯುಗಾದಿ ಊಟಕ್ಕೆ ಕನ್ನಡದವರು ಸೇರಿದರೆ ಸಾಕು, "ಅಕ್ಕಾ, ಕರಡಿ ಕಥಿ" ಎನ್ನುತ್ತಾರೆ. ನಮ್ಮವರು ಮೂಲೆಯಲ್ಲಿ ಕೂತು ಕೋಸಂಬರಿ ತಿನ್ನುತ್ತ ತಾವೂ ನಗುತ್ತಾರೆ.

ಶನಿವಾರ ಅಂಗಡಿಯಿಂದ ಬಂದು ಮೊಸರು ಫ್ರಿಜ್ಜಿಗಿಡುತ್ತ ಸುಮ್ಮನೆ ಕೇಳಿದೆ, "ಅಲ್ಲರೀ, ಆವಾಗ ಪ್ಯಾರಿಸ್ ಇತ್ತು, ಸ್ವಿಟ್ಜರ್‌ಲ್ಯಾಂಡ್ ಇತ್ತು. ಅಷ್ಟು ಪುಸ್ತಕದಾಗ ಅದೊಂದss ಯಾಕ ಹಿಡಕೊಂಡ್ರಿ?" ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹಡಗಿನ ಚಿತ್ರ ನೋಡಿ ಮೋಸಹೋದರು ಎಂದು ನನಗೆ ನಾನೇ ಉತ್ತರ ಹೇಳಿಕೊಂಡು ಕಥೆ ಕಟ್ಟಿದ್ದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀ ಬಂದ ವರ್ಷದ ಚಳಿಗಾಲ ನೆನಪದ ಏನು? ಮಧ್ಯಾಹ್ನ ನಾಕಕ್ಕ ಕತ್ತಲಿ ಆಗ್ತಿತ್ತು. ನಾ ಆಫೀಸಿಂದ ಬರೂದ್ರಾಗ ನೀ ಮನಿ ತುಂಬ ಲೈಟ್ ಹಚ್ಚಿ ಖಿಡಕಿ ಮುಂದ ಅಳಕೋತ ನಿಂತಿರ್ತಿದ್ದಿ. ಆ ಪುಸ್ತಕದಾಗ ನನಗ ಒಂದss ಸಾಲು ಓದಲಿಕ್ಕೆ ಬಂತು. ಅಲ್ಲೆ ಸೂರ್ಯ ಮುಳುಗಂಗಿಲ್ಲ ಅಂತ ಬರದಿತ್ತು."

ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ಅದು ಕುಂಯ್ ಕುಂಯ್ ಎಂದು ಕೂಗತೊಡಗಿತು.

"ಇಷ್ಟು ವರ್ಷ ಎಲ್ಲಾರ ಮುಂದ ನಿಮ್ಮನ್ನ ನಗೆಪಾಟಲ ಮಾಡಿದೆ," ಎಂದೆ. "ಇದನ್ನ ಯಾಕ ಹೇಳಲಿಲ್ಲ?"

"ನೀ ಛೊಲೋ ಹೇಳ್ತಿದ್ದಿಯಲ್ಲ," ಎಂದರು ಅವರು, ಎದ್ದು ಬಂದು ಬಾಗಿಲು ಮುಚ್ಚುತ್ತ. "ಮಂದಿ ನಗತಿದ್ರು. ನಡುವ ಯಾಕ ಕೆಡಸೂದು?"