ಅಕ್ಕ ಹತ್ತರವರೆಗೆ ನಿಂತಳು

1978ರಲ್ಲಿ ನಾನು ಐದನೇ ತರಗತಿಗೆ ಶಾಲೆ ಬಿಟ್ಟೆ. ಚಿಕ್ಕವನಿದ್ದೆ, ಆದರೆ ದಡ್ಡನಾಗಿರಲಿಲ್ಲ ಮಕ್ಕಳೇ. ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗ. ಅಪ್ಪ, ಅಮ್ಮ ತೀರಿಹೋದ ಮೇಲೆ ನನ್ನನ್ನೂ ಅಕ್ಕನನ್ನೂ ಸಾಕಿದವಳು ನಮ್ಮಜ್ಜಿ. ಅಕ್ಕನ ಕಾಲುಗಳಲ್ಲಿ ಹುಟ್ಟಿನಿಂದಲೇ ಬಲವಿರಲಿಲ್ಲ. ಸಂಸೆ ಕಡೆಯ ಎಸ್ಟೇಟಿಗೆ ಕಾಫಿ ಕೊಯ್ಯಲು ಹೋಗುವಾಗ ಅಜ್ಜಿ ಅವಳನ್ನು ಬೆನ್ನ ಮೇಲೆ ಹೊತ್ತೊಯ್ಯುತ್ತಿದ್ದಳು. ಅಕ್ಕ ಬೆಳೆದಳು, ಅಜ್ಜಿಯ ಸೊಂಟ ಸೋತಿತು, ಹೊರುವ ಕೆಲಸ ನನ್ನದಾಯಿತು. ಗಿಡದ ಬುಡದಲ್ಲಿ ಕೂರಿಸಿ ಬಿಟ್ಟುಬರುವ ಹಾಗಿರಲಿಲ್ಲ. ಕಚ್ಚುವ ಕೆಂಪು ಚಗಳಿ ಇರುವೆ ಮೈಗೆ ಹತ್ತಿದರೆ ಅವಳು ಎದ್ದು ಓಡಲಾರಳು.

ಮರುವರ್ಷ, ಕಳಸದಲ್ಲಿ ನಡೆಯಲಾಗದವರಿಗೆ ಮೂರು ಗಾಲಿಯ ಗಾಡಿ ಕೊಡುತ್ತಾರೆಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಹೇಳಿದರು. ಗಾಡಿ ಸಿಕ್ಕರೆ ಜೀಪಿನ ದಾರಿಯಲ್ಲಿ ಅಜ್ಜಿಯೇ ತಳ್ಳಿಕೊಂಡು ಹೋಗಬಹುದು, ನಾನು ಮತ್ತೆ ಶಾಲೆಗೆ ಸೇರಬಹುದು. ಅಜ್ಜಿ ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದಳು.

ಕಳಸದಲ್ಲಿ ಬಿಸಿಲಲ್ಲಿ ಉದ್ದದ ಸಾಲು. ಮುಂದೆ ನಿಂತಿದ್ದವನೊಬ್ಬ, "ಗಾಡಿ ನಿಮಗೋ ಮೊಮ್ಮಗಳಿಗೋ ಅಜ್ಜಿ?" ಎಂದ.

"ಇಬ್ರೂ ಕೂರ್ತೀವಿ. ನೀ ತಳ್ತೀಯಾ?" ಎಂದಳು ಅಜ್ಜಿ. ಸಾಲೆಲ್ಲ ನಕ್ಕಿತು.

ನಮ್ಮ ಸರದಿ ಬಂತು. ನನಗೊಂದು ಹೆಮ್ಮೆಯಿತ್ತು. ದಿನಾ ಸಂಜೆ ಕಾಫಿ ಒಣಗಿಸುವ ಕಣದಲ್ಲಿ ಬಿದಿರಿನ ಬೇಲಿ ಹಿಡಿಸಿ ನಾನು ಅಕ್ಕನಿಗೆ ನಿಲ್ಲುವುದನ್ನು ಕಲಿಸಿದ್ದೆ. "ಸಾರ್, ನಮ್ಮಕ್ಕ ನಿಂತ್ಕೊಳ್ತಾಳೆ! ನಾನೇ ಕಲ್ಸಿದ್ದು!" ಎಂದುಬಿಟ್ಟೆ. ಅಕ್ಕ ಮೇಜಿನ ಅಂಚು ಹಿಡಿದು ಎದ್ದಳು. ಕಾಲುಗಳು ಥರಥರ ನಡುಗುತ್ತಿದ್ದವು. ನಾನು ಎಣಿಸಿದೆ. ಹತ್ತರವರೆಗೂ ನಿಂತಳು.

"ನಿಲ್ಲೋರಿಗೆ ಗಾಡಿ ಕೊಡೋಕೆ ಬರಲ್ಲಮ್ಮ," ಎಂದರು ಮೇಜಿನ ಹಿಂದೆ ಕೂತಿದ್ದ ಅಧಿಕಾರಿ.

"ನಿಂತ್ರೆ ಸಾಕಾ ಸ್ವಾಮಿ, ನಡೀಬೇಡ್ವಾ?" ಎಂದಳು ಅಜ್ಜಿ. ಅಷ್ಟರಲ್ಲಿ ಮುಂದಿನ ಹೆಸರು ಕರೆದಾಗಿತ್ತು.

ಬಸ್ಸಿನಲ್ಲಿ ಅಕ್ಕ ನಗುತ್ತಲೇ ಇದ್ದಳು. "ಚೆನ್ನಾಗಿ ನಿಂತೆ ಅಲ್ವೇನೋ?" ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅಜ್ಜಿ ಬೈಯಲಿಲ್ಲ. "ಅಳ್ಬೇಡ ಮಾರಾಯ. ಅವ್ಳು ನಿಂತಿದ್ದು ಸುಳ್ಳಾ?" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಕ್ಕ ಆಮೇಲೆ ಆರು ವರ್ಷ ಬದುಕಿದಳು. ಆರು ವರ್ಷವೂ ನನ್ನ ಬೆನ್ನ ಮೇಲೆ. ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಈಗ ನಿಮ್ಮ ತಮ್ಮನನ್ನೇ ನೋಡಿ, ಅವನಿಗೆ ಕಿವಿ ಕೇಳದು. ಟೀಚರು ಮನೆಗೇ ಬಂದು ಅವನಿಗೆ ಕೈಭಾಷೆ ಕಲಿಸುತ್ತಾರೆ. ಅವನ ಜೊತೆ ನನಗೂ ಪಾಠ. ಅಕ್ಕನನ್ನು ನೋಡಿಕೊಳ್ಳುವುದು ಹೇಗೆಂದು ನಮ್ಮಜ್ಜಿಗೆ ಹೇಳಿಕೊಡಲು ಯಾರೂ ಬರಲಿಲ್ಲ.

ಇವತ್ತು ನನಗೆ ಎರಡೂವರೆ ಎಕರೆ ಕಾಫಿ ಇದೆ. ಸ್ವಂತ ಜೀಪು ಒಂದಿದೆ. ಮೊಮ್ಮಕ್ಕಳು ನೀವು ಮೂವರು. ಕೈಯಲ್ಲಿ ಆಡಲು ಬರುವ ಮಾತು ನಲವತ್ತು.