ದೇವರ ಜಗಲಿಯ ತಂತಿ

ನನ್ನ ಹತ್ತಿರ ಎರಡು ಗಿಟಾರುಗಳಿವೆ. ಒಂದು ಈ ಕಾಲದ್ದು, ನೈಲಾನ್ ತಂತಿಯದು, ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ಕೇಳುತ್ತದೆ. ಇನ್ನೊಂದು ಇನ್ನೂರು ವರ್ಷದ ಹಿಂದಿನ ಮಾದರಿಯಲ್ಲಿ ಮಾಡಿದ್ದು, ಸಣ್ಣ ಸೊಂಟದ್ದು. ಅದನ್ನು ಕೇಳಲು ಮೂರನೆಯ ಸಾಲಿನವರೇ ಸ್ವಲ್ಪ ಮುಂದಕ್ಕೆ ಬಾಗಬೇಕು. ಕಛೇರಿಗಳಲ್ಲಿ ಎರಡನ್ನೂ ನುಡಿಸುತ್ತೇನೆ. ಮುಗಿದ ಮೇಲೆ ಜನ ಬಂದು ವಿಚಾರಿಸುವುದು ಮಾತ್ರ ಸಣ್ಣದನ್ನೇ. ಅದು ನನ್ನ ಕೈಗೆ ಬಂದದ್ದು ಹಂಪಿಯಲ್ಲಿ. ಕೈಬಿಟ್ಟು ಹೋಗದೆ ಉಳಿದದ್ದು ಕಂಪ್ಲಿಯ ನಮ್ಮ ಮನೆಯ ಬಾಗಿಲಲ್ಲಿ.

ಆಗ ಅದಿರಿನ ಕಾಲ. ಹೊಸಪೇಟೆಯಲ್ಲಿ ಹೊಸ ಹೊಸ ಹೋಟೆಲುಗಳು ಏಳುತ್ತಿದ್ದವು. ಭಾನುವಾರಗಳಂದು ಗಣಿ ಸಾಹುಕಾರರ ಮಕ್ಕಳ ಹುಟ್ಟುಹಬ್ಬಕ್ಕೆ ನಾನು ಅಲ್ಲೊಂದು ಮೂಲೆಯಲ್ಲಿ ಕುಳಿತು ನುಡಿಸುತ್ತಿದ್ದೆ. ಒಮ್ಮೆ ಪೂರ್ತಿ ಒಂದು ತಾಸು ನುಡಿಸಿದ ಮೇಲೆ ಒಬ್ಬರು ತಟ್ಟೆ ಹಿಡಿದುಕೊಂಡೇ ಬಂದು, "ಮೇಡಮ್, ಟ್ಯೂನಿಂಗ್ ಭಾಳ ಚಲೋ ಮಾಡೀರಿ. ಹಾಡು ಯಾವಾಗ ಶುರು ಮಾಡ್ತೀರಿ?" ಅಂದರು. ಅವರ ತಟ್ಟೆಯ ಜಾಮೂನನ್ನೇ ಅವರ ಬಾಯಿಗೆ ತುರುಕುವಷ್ಟು ಸಿಟ್ಟು ಬಂದಿತ್ತು. ಉಳಿದ ದಿನ ಸಂಡೂರಿನ ಗಣಿ ಕಾಲೋನಿಯ ಮಕ್ಕಳಿಗೆ ಪಾಠ. ಮನೆಗೆ ಬಂದು ಗಿಟಾರು ಒರೆಸಿದರೆ ಬಟ್ಟೆಯೆಲ್ಲ ಕೆಂಪು. ಆ ಧೂಳನ್ನು ಬೈಯುತ್ತಲೇ ಅದರ ಅನ್ನ ಉಣ್ಣುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹಂಪಿಯಲ್ಲಿ ಬಾಳೆ ತೋಟದ ಪಕ್ಕದ ಕೋಣೆಯೊಂದರಲ್ಲಿ ಪ್ರತಿ ಚಳಿಗಾಲ ಹೊರದೇಶದ ಒಬ್ಬ ಹಿರಿಯ ಹೆಂಗಸು ಬಂದು ಉಳಿಯುತ್ತಿದ್ದರು. ಹಳೆಯ ಕಾಲದ ಗಿಟಾರುಗಳನ್ನು ನುಡಿಸುವುದೇ ಅವರ ಕಸುಬು. ಮೊದಲ ಸಲ ಅವರ ಪುಟ್ಟ ಗಿಟಾರು ಕೇಳಿದಾಗ ಆಟಿಕೆ ಅಂದುಕೊಂಡೆ. ಎರಡನೆಯ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ. ಒಂದೊಂದು ಸ್ವರವೂ ಪಕ್ಕದಲ್ಲಿ ಕುಳಿತು ಮಾತಾಡಿದ ಹಾಗಿತ್ತು. ಮೂರು ಚಳಿಗಾಲ ಅವರಲ್ಲಿ ಕಲಿತೆ. ಮೂರನೆಯ ಸಲ ಹೊರಡುವಾಗ ಗಿಟಾರನ್ನು ನನ್ನ ಕೈಗಿಟ್ಟು ಹೇಳಿದರು: ಡಿಸೆಂಬರಿಗೆ ಬರುತ್ತೇನೆ, ಆರು ರಚನೆ ನುಡಿಸಿ ತೋರಿಸು. ಕೈಗೆ ಹತ್ತಿದ್ದರೆ ಇದು ನಿನ್ನದು, ನಮ್ಮೂರಿನ ಸಂಗೀತ ಶಾಲೆಗೂ ನಿನಗಾಗಿ ಪತ್ರ ಬರೆಯುತ್ತೇನೆ. ಹತ್ತದಿದ್ದರೆ ವಾಪಸು ಒಯ್ಯುತ್ತೇನೆ.

ಆ ಗಿಟಾರಿನ ಆರು ತಂತಿಗಳಲ್ಲಿ ಮೂರು ಕುರಿಯ ಕರುಳಿನವು. ಉಗುರು ತಾಗಿದರೆ ಎಳೆ ಬಿಡುತ್ತವೆ, ಬೆರಳ ತುದಿಯಲ್ಲೇ ಮೀಟಬೇಕು. ವರ್ಷಗಟ್ಟಲೆ ಜೋಪಾನ ಮಾಡಿ ಬೆಳೆಸಿದ್ದ ಬಲಗೈ ಉಗುರುಗಳನ್ನು ಕತ್ತರಿಸಿದೆ. ಹೋಟೆಲಿನ ಕೆಲಸಗಳನ್ನೂ ಬಿಟ್ಟೆ. ಆ ಉಗುರುಗಳನ್ನು ಕಂಡರೆ ಆಗದ ಅವ್ವನಿಗೆ ಖುಷಿಯೋ ಖುಷಿ. "ಈಗ ನೋಡು, ಮನಷ್ಯಾರ ಕೈ ಆತು. ಈ ಗಿಟಾರ ನಿನಗ ಬುದ್ಧಿ ಕಲಿಸ್ತು," ಅಂದಳು.

ಆ ಖುಷಿಯಲ್ಲಿ ಮಹಾನವಮಿಗೆ ಅಪ್ಪನ ರೈಸ್‌ಮಿಲ್ಲಿನ ತಕ್ಕಡಿಗೆ ಪೂಜೆ ಮಾಡಿ ಬಂದವಳು, ಪುಟ್ಟ ಗಿಟಾರನ್ನು ದೇವರ ಮನೆಯ ಜಗಲಿಯ ಮೇಲೇ ಇಟ್ಟು, ಮೂರೆಳೆ ವಿಭೂತಿ ಹಚ್ಚಿ, ಸೇವಂತಿಗೆ ಏರಿಸಿದಳು. ಮೊಟ್ಟೆಯ ಸಿಪ್ಪೆಯೂ ಅಂಗಳಕ್ಕೆ ಬೀಳಬಾರದ ಮನೆ ನಮ್ಮದು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಗಿಟಾರು ಹೊರಗೆ ಹೋಗುತ್ತದೆಂಬ ಭಯ.

ಮರುದಿನ ಬನ್ನಿ ಹಬ್ಬ. ದೀಪದ ಕಾವಿಗೋ ಏನೋ, ಕರುಳಿನ ತಂತಿಗಳಲ್ಲಿ ದಪ್ಪನೆಯದು ಹರಿದು ಬಿದ್ದಿತ್ತು. ಯಾವುದನ್ನೂ ದಂಡ ಮಾಡದ ಅವ್ವ ಆ ತುಂಡಿನಿಂದ ಜಗಲಿಯ ಗಂಟೆಯನ್ನು ಕಟ್ಟಿ ತೂಗುಬಿಟ್ಟಿದ್ದಳು. ಹಳೆಯ ದಾರ ಸವೆದಿತ್ತಂತೆ. ಮಂಗಳಾರತಿ ಹಚ್ಚಿ, ಗಂಟೆ ಬಾರಿಸಲು ಕೈ ಎತ್ತಿದಳು. ನನಗೆ ತಡೆಯಲಾಗಲಿಲ್ಲ.

"ಅವ್ವ, ಬ್ಯಾಡ. ಅದು ಕುರಿ ಕರುಳು."

ಆರತಿ ತಟ್ಟೆಯನ್ನು ಕೆಳಗಿಟ್ಟು ಕೇಳಿದಳು, "ನಿನಗ ಯಾವಾಗಿಂದ ಗೊತ್ತಿತ್ತು?"

"ಮೊದಲಿಂದ."

"ಗೊತ್ತಿದ್ದೂ ನನ್ನ ಕೈಲೆ ವಿಭೂತಿ ಹಚ್ಚಿಸಿದೆಲ್ಲ."

ಬೈದಿದ್ದರೆ ಎದುರು ಮಾತಾಡಿ ಗೆಲ್ಲುತ್ತಿದ್ದೆ. ಅವಳು ಬೈಯಲಿಲ್ಲ. ತಂತಿಯನ್ನು ಹೊರಗೆಸೆದು, ಇಡೀ ಜಗಲಿ ತೊಳೆದು, ಇನ್ನೊಮ್ಮೆ ಸ್ನಾನ ಮಾಡಿದಳು. ಗಿಟಾರು ಮಿಲ್ಲಿನ ಗೋದಾಮಿಗೆ ಹೋಯಿತು. "ಅಕಿ ಬಂದ್ಲಂದ್ರ ಕೊಟ್ಟು ಬಾ. ಮನಿ ಒಳಗ ಬ್ಯಾಡ," ಅಂದಳು. ಆ ತಂತಿಗೆ ನನ್ನಲ್ಲಿ ಬದಲಿಯೂ ಇರಲಿಲ್ಲ. ಗೋದಾಮಿನಲ್ಲಿ ತೌಡಿನ ಧೂಳಿನ ನಡುವೆ ಕುಳಿತು ನೈಲಾನು ಹಾಕಿ ನೋಡಿದೆ. ನೆಗಡಿಯಾದವರ ದನಿ ಬಂತು. ಪತ್ರ ಬರೆದು ತಂತಿ ತರಿಸಿಕೊಳ್ಳಬಹುದಿತ್ತು, ಆದರೆ ಅವ್ವನ ಮುಖ ನೋಡಿದರೆ ಬರೆಯುವ ಮನಸ್ಸೇ ಆಗಲಿಲ್ಲ. ಡಿಸೆಂಬರಿಗೆ ಎರಡು ತಿಂಗಳೂ ಇರಲಿಲ್ಲ.

ಹದಿನೈದು ದಿನ ಹೀಗೇ ಹೋಯಿತು. ಒಂದು ಮಂಗಳವಾರ ಜೋಗಮ್ಮ ಬಂದಳು. ಹುಲಿಗೆಮ್ಮನ ಹೆಸರಲ್ಲಿ ಮನೆ ಮನೆಗೆ ಬಂದು ಹಾಡುವಾಕೆ. ಕಂಕುಳಲ್ಲಿ ಚೌಡಿಕೆ, ಅದಕ್ಕೆ ಒಂದೇ ತಂತಿ. ನಾನು ಹುಟ್ಟಿದಾಗಿನಿಂದ ಅವ್ವ ಆಕೆಗೆ ಮೊರದ ತುಂಬ ಜೋಳ ನೀಡಿ, ಆ ಚೌಡಿಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಅಂದೂ ಒತ್ತಿಕೊಂಡಳು.

"ಇವತ್ತು ದನಿ ಬ್ಯಾರೆ ಐತಲ್ಲ ಜೋಗಮ್ಮ," ಅಂದಳು.

"ಹೊಸ ನರ ಹಾಕೀನವ್ವಾ. ಇನ್ನಾ ಎಳಕೊಳ್ಳಾಕ ಹತ್ತೈತಿ."

"ಯಾತರ ನರ?"

"ಕುರೀದವ್ವಾ. ಮತ್ಯಾತರದು?"

ಅವ್ವ ಖಾಲಿ ಮೊರ ಹಿಡಿದು ಹಾಗೆಯೇ ನಿಂತಳು. ನನಗೂ ಮುಖಕ್ಕೆ ಹೊಡೆದ ಹಾಗಾಯಿತು. ದೂರದೇಶದ ತಂತಿಗಳ ಬಗ್ಗೆ ಅಷ್ಟು ಓದಿದವಳು, ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತಿದ್ದ ತಂತಿಯನ್ನು ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯಾಯಿತು.

ಅವ್ವ ಮೊರವನ್ನು ಕಟ್ಟೆಗೆ ಆನಿಸಿ ಗೋದಾಮಿಗೆ ಹೋದಳು. ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ಮೇಲಿನ ತೌಡನ್ನು ಸೆರಗಿನಿಂದ ಒರೆಸಿದಳು.

"ಇದಕ್ಕೂ ಅಂಥದ್ದೊಂದು ತಂದು ಕೊಡ್ತೀಯೇನ ಜೋಗಮ್ಮ?"

ಜೋಗಮ್ಮ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, "ಇದು ಯಾವ ದ್ಯಾವರದು?" ಅಂದಳು.

"ದ್ಯಾವರದಲ್ಲ. ನನ್ನ ಮಗಳದು."

ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮುಂದಿನ ಮಂಗಳವಾರ ಜೋಗಮ್ಮ ನರ ತಂದಳು. ಕೊಂಚ ಒರಟಿತ್ತು. ಸಣ್ಣ ಸ್ಯಾಂಡ್‌ಪೇಪರ್ ತಿಕ್ಕಿ, ಎಣ್ಣೆ ಸವರಿ ಹಾಕಿದೆ. ಎರಡು ದಿನ ಶ್ರುತಿ ಇಳಿಯುತ್ತಲೇ ಇತ್ತು, ಮೂರನೆಯ ದಿನ ನಿಂತಿತು. ಆಮೇಲೆ ಊಟ ನಿದ್ದೆ ಬಿಟ್ಟು ಕುಳಿತೆ ಎಂದರೆ ಸುಳ್ಳಾದೀತು. ಊಟಕ್ಕೆ ಅವ್ವನೇ ಎಬ್ಬಿಸುತ್ತಿದ್ದಳು.

ಡಿಸೆಂಬರಿನಲ್ಲಿ ಹಂಪಿಯ ಆ ಕೋಣೆಯಲ್ಲಿ ಆರೂ ರಚನೆ ನುಡಿಸಿದೆ. ಐದನೆಯದರಲ್ಲಿ ಒಂದು ಕಡೆ ಎಡವಿದೆ. ಮುಗಿದ ಮೇಲೆ ಅವರು ದಪ್ಪ ತಂತಿಯನ್ನು ಬೆರಳಿನಿಂದ ಸವರಿ, ಇದು ನಾನು ಹಾಕಿದ್ದಲ್ಲ, ಯಾರು ಮಾಡಿದ್ದು ಎಂದರು. ಜೋಗಮ್ಮನ ಕತೆ ಹೇಳಿದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ನನ್ನ ಕಡೆಗೆ ತಳ್ಳಿದರು. ಪತ್ರವನ್ನೂ ಬರೆದರು, ಮರುವರ್ಷ ನಾನು ಆ ಶಾಲೆಗೆ ಹೋದೆ.

ಹಂಪಿಯಲ್ಲಿ ನುಡಿಸಿದ ದಿನ ಸಂಜೆ, ಗಿಟಾರು ಹಿಡಿದು ಕಂಪ್ಲಿಯ ಬಸ್ಸಿಳಿದು ಮನೆಗೆ ಬಂದಾಗ ಅವ್ವ ದೇವರ ಮುಂದೆ ಇದ್ದಳು. ಬನ್ನಿ ಹಬ್ಬದಿಂದ ಮೂಲೆ ಸೇರಿದ್ದ ಗಂಟೆ ಮತ್ತೆ ತೂಗುತ್ತಿತ್ತು. ಕಟ್ಟಿದ್ದು ದಾರವಲ್ಲ. ಜೋಗಮ್ಮನ ನರ ಹಾಕುವಾಗ ಕತ್ತರಿಸಿ ಬಿಟ್ಟಿದ್ದ ಗೇಣುದ್ದದ ತುಂಡು.

"ಅವ್ವ, ಅದು..."

"ಗೊತ್ತೈತಿ. ಜಲ್ದಿ ಕಾಲು ತೊಳಕೊಂಡು ಬಾ, ಅದನ್ನ ಇಲ್ಲೇ ಇಡು."

ಕಾಲು ತೊಳೆದು ಬರುವಷ್ಟರಲ್ಲಿ ಅವ್ವ ದೀಪವನ್ನು ಎರಡು ಗೇಣು ಆಚೆ ಸರಿಸಿ, ಗಿಟಾರಿಗೆ ಜಾಗ ಮಾಡಿದ್ದಳು.